ವಿದ್ಯಾದಾನ: ಸಾಲೊಟಗಿಯಿಂದ ಇಂದಿನವರೆಗೆ

ಬಬಲೇಶ್ವರದ ಕಡೆಯ ಒಬ್ಬ ಹಳೆಯ ವಿದ್ಯಾರ್ಥಿ ಈಚೆಗೆ ವಿಜಯಪುರದ ಬಸ್ ನಿಲ್ದಾಣದಲ್ಲಿ ಭೆಟ್ಟಿಯಾದ. ಹತ್ತನೆಯ ತರಗತಿಯ ಬಳಿಕ ಓದು ಬಿಟ್ಟವನು. ಈಗ ಎರಡು ಮಕ್ಕಳ ತಂದೆ. ದ್ರಾಕ್ಷಿಯ ತೋಟ ನೋಡಿಕೊಂಡಿದ್ದಾನೆ. ಕುಶಲಪ್ರಶ್ನೆಯಾದ ಮೇಲೆ, "ಸರ, ಆನ್‌ಲೈನ್‌ನ್ಯಾಗ ದೊಡ್ಡವರಿಗೂ ಪುಕ್ಕಟೆ ಪಾಠ ಅದಾವಂತ. ಕಂಪ್ಯೂಟರಿನ್ಯಾಗ ಲೆಕ್ಕ ಇಡೂದು ಕಲೀಬೇಕಂತ ಮಾಡೀನ್ರಿ. ಖರೇನ ಪುಕ್ಕಟೆ ಏನ್ರಿ? ಹುಡುಕೂದಾದ್ರೂ ಎಲ್ಲಿ?" ಎಂದು ಕೇಳಿದ. ನಾನು ಎರಡು ಮಾತು ಹೇಳುವಷ್ಟರಲ್ಲಿ ಅವನ ಬಸ್ಸು ಹೊರಟಿತು.

ಬಸ್ಸು ಹೋಯಿತು, ಪ್ರಶ್ನೆಗಳು ಉಳಿದುವು. ವಾಚಕರೆ, ಪುಕ್ಕಟೆ ವಿದ್ಯೆ ನಿಜವಾಗಿಯೂ ಪುಕ್ಕಟೆಯೆ, ಅದನ್ನು ಎಲ್ಲಿ ಹುಡುಕಬೇಕು ಎಂಬ ಈ ಎರಡು ಪ್ರಶ್ನೆಗಳು ಕಂಪ್ಯೂಟರಿನೊಡನೆ ಹುಟ್ಟಿದವಲ್ಲ. ಮೊದಲನೆಯದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಉತ್ತರ ಬರೆದಿಟ್ಟಿದ್ದಾರೆ. ಆ ಉತ್ತರವನ್ನು ಓದಿಕೊಂಡು ಎರಡನೆಯದಕ್ಕೆ ಬರುವುದು ಮೇಲು.

ಇಂಡಿ ತಾಲ್ಲೂಕಿನ ಸಾಲೊಟಗಿ ಇಂದು ಸಾಮಾನ್ಯವಾದೊಂದು ಗ್ರಾಮ. ಅದರ ಹಳೆಯ ಹೆಸರು ಪಾವಿಟ್ಟಗೆ. ಅಲ್ಲಿಯ ಒಂದು ಕಂಬದ ಮೇಲೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ ಶಾಸನವಿದೆ. ಶಕವರ್ಷ 867, ಎಂದರೆ ಕ್ರಿ. ಶ. 945. ಅರಸನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅದರಲ್ಲಿ ನೆಲಸಿ ಓದುತ್ತಿದ್ದರು. ಆ ಶಾಲೆಯ ಹೆಸರೇ ಊರಿಗೆ ಅಂಟಿ, ಶಾಲೆಯ ಪಾವಿಟ್ಟಗೆಯು ಜನರ ಬಾಯಲ್ಲಿ ಸವೆದು ಸಾಲೊಟಗಿಯಾಯಿತೆಂದು ವಿದ್ವಾಂಸರು ಹೇಳುವರು. ರಾಜಧಾನಿಗಳ ಹೆಸರಿನಿಂದ ನಾಡುಗಳನ್ನು ಗುರುತಿಸುವುದುಂಟು. ಶಾಲೆಯ ಹೆಸರಿನಿಂದ ಊರನ್ನೇ ಕರೆದ ಉದಾಹರಣೆ ಅಪರೂಪ.

ಶಾಸನದಲ್ಲಿ ನಮಗೆ ಬೇಕಾದುದು ಅದರ ಲೆಕ್ಕಪತ್ರ. ಶಾಲೆಗೆಂದು ಊರಿನ ಮುಖ್ಯಸ್ಥನು 500 ನಿವರ್ತನ ಭೂಮಿಯನ್ನು ಬಿಟ್ಟನು. ವಿದ್ಯಾರ್ಥಿಗಳ ವಸತಿಗೆ 27 ನಿವೇಶನಗಳು. ಹೂವಿನ ತೋಟಕ್ಕೆ 4 ನಿವರ್ತನ. ದೀಪದ ಎಣ್ಣೆಗೆ ಬೇರೆಯಾಗಿಯೇ 12 ನಿವರ್ತನ. ಉಪಾಧ್ಯಾಯರಿಗೆ 50 ನಿವರ್ತನ ಭೂಮಿ ಮತ್ತು ಒಂದು ಮನೆ. ಇಷ್ಟಲ್ಲದೆ ಊರವರು ತಾವಾಗಿಯೇ ಒಂದು ಕಟ್ಟು ಮಾಡಿಕೊಂಡರು: ಮದುವೆಯಾದರೆ ಶಾಲೆಗೆ 5 ನಾಣ್ಯ, ಮುಂಜಿಯಾದರೆ ಅದರ ಅರ್ಧ, ಚೌಲವಾದರೆ ಅದಕ್ಕಿಂತ ಕಡಿಮೆ. ಒಬ್ಬರ ಮನೆಯ ಮಂಗಲಕಾರ್ಯದಲ್ಲಿ ಊರ ಶಾಲೆಗೂ ಪಾಲು ಇದ್ದಿತು.

ಈ ಲೆಕ್ಕವನ್ನು ಓದಿದಾಗ 'ವಿದ್ಯಾದಾನ'ವೆಂಬ ಹಳೆಯ ಮಾತಿನ ಅರ್ಥ ತಿಳಿಯಾಗುವುದು. ಪುಕ್ಕಟೆ ವಿದ್ಯೆ ಎಂದರೆ ಖರ್ಚಿಲ್ಲದ ವಿದ್ಯೆಯಲ್ಲ. ಖರ್ಚನ್ನು ಕಲಿಯುವವನ ತಲೆಯ ಮೇಲೆ ಹೊರಿಸದ ವಿದ್ಯೆ. ಆ ಖರ್ಚನ್ನು ಯಾರಾದರೂ ಹೊರಲೇಬೇಕು. ಸಾಲೊಟಗಿಯವರು ಪಾಠವನ್ನು ಮಾತ್ರ ದಾನ ಮಾಡಿ ಕೈಕಟ್ಟಿ ಕೂಡಲಿಲ್ಲ. ಕಲಿಯುವವನಿಗೆ ಇರಲು ಜಾಗ ಬೇಕು, ಓದಲು ದೀಪ ಬೇಕು, ಕೇಳಿದರೆ ಹೇಳಲು ಗುರು ಬೇಕು, ಬೆನ್ನ ಹಿಂದೆ ಊರು ಬೇಕು ಎಂಬುದನ್ನು ಮೊದಲೇ ಎಣಿಸಿ, ಒಂದೊಂದಕ್ಕೂ ಹೊಲವನ್ನು ಗುರುತು ಮಾಡಿಟ್ಟರು.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ವೇದಶಾಸ್ತ್ರಗಳನ್ನು ಓದುವ ದ್ವಿಜರಿಗಾಗಿ ಅದು ಇದ್ದಿತು. ದೀಪದ ಎಣ್ಣೆಗಾಗಿ ಆ 12 ನಿವರ್ತನವನ್ನು ಉತ್ತ ರೈತನಿಗೂ, ಅವನ ಹೆಂಡತಿಗೂ ಆ ದೀಪದ ಬೆಳಕಿನಲ್ಲಿ ಸ್ಥಳವಿರಲಿಲ್ಲ. ಬಾಗಿಲನ್ನು ಅಗಲ ಮಾಡುವ ಕೆಲಸ ಮುಂದಿನ ಸಾವಿರ ವರ್ಷಗಳದಾಯಿತು, ಇನ್ನೂ ಮುಗಿದಿಲ್ಲ.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನವನ್ನೂ ಇಲ್ಲಿ ನೆನೆಯಬೇಕು. ಅಲ್ಲಿಯ 1058ರ ಶಾಸನವು ಗುರುಗಳೊಡನೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುವುದು. ಇವರು ಪುಸ್ತಕ ಭಂಡಾರವನ್ನು ಕಾಯುವವರು. ಇಂದಿನ ಮಾತಿನಲ್ಲಿ ಗ್ರಂಥಪಾಲರು. ಭಂಡಾರ ತುಂಬಿದ್ದರೆ ಸಾಲದು, ಬೇಕಾದುದನ್ನು ಹುಡುಕಿ ಕೈಗೆ ಕೊಡುವವರೂ ಬೇಕೆಂದು ಆ ಕಾಲದವರು ಬಲ್ಲವರಾಗಿದ್ದರು.

ಸಾಲೊಟಗಿಯ ಶಾಸನಕ್ಕೆ ಏಳುನೂರು ವರ್ಷವಾದ ಮೇಲೆ ವಿಜಾಪುರದಲ್ಲಿ ಆದಿಲಶಾಹಿಗಳ ಆಳಿಕೆ. ಮುಹಮ್ಮದ್ ಆದಿಲಶಹನ ಕಾಲದಲ್ಲಿ ಕಟ್ಟಿದ ಆಸಾರ್ ಮಹಲನ್ನು ನೋಡದ ವಿಜಯಪುರದವರಿಲ್ಲ. ಅದಕ್ಕೆ ಸೇರಿದ ಮದರಸೆಗಳಲ್ಲಿ ಓದುವವರಿಗೆ ಎರಡು ಹೊತ್ತಿನ ಊಟವೂ ತಿಂಗಳ ವೇತನವೂ ದೊರೆಯುತ್ತಿದ್ದುವೆಂದು 'ಬಸಾತೀನ್-ಉಸ್-ಸಲಾತೀನ್' ಎಂಬ ಪಾರಸಿ ಇತಿಹಾಸಗ್ರಂಥ ಹೇಳುವುದು. ಧರ್ಮ ಬೇರೆ, ಭಾಷೆ ಬೇರೆ. ಲೆಕ್ಕ ಮಾತ್ರ ಸಾಲೊಟಗಿಯದೇ. ಹಸಿದವನು ಕಲಿಯಲಾರನೆಂಬುದನ್ನು ಇಬ್ಬರೂ ಒಪ್ಪಿದ್ದರು.

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲು ಅಗಲವಾಗತೊಡಗಿತು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು 1910ರಲ್ಲಿ ಇತರ ಹಿರಿಯರೊಡಗೂಡಿ ಬಿ.ಎಲ್.ಡಿ.ಇ. ಸಂಸ್ಥೆಯನ್ನು ಸ್ಥಾಪಿಸಿದರು. ಊರೂರು ತಿರುಗಿ ತಾಳೆಯೋಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುದ್ರಣಾಲಯವನ್ನು ತಾವೇ ಹಾಕಿದರು. 1926ರಿಂದ 'ಶಿವಾನುಭವ' ಪತ್ರಿಕೆ ನಡೆಸಿದರು. ಮಠಮನೆಗಳ ಗಂಟಿನಲ್ಲಿದ್ದ ವಚನಗಳು ಅಕ್ಷರ ಬಲ್ಲ ಯಾರಾದರೂ ಓದುವಂತೆ ಬೀದಿಗೆ ಬಂದುವು. ಸಾಲೆ ಬಿಟ್ಟ ದೊಡ್ಡವರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಯಾವುದು? ಅದರ ಖರ್ಚನ್ನು ಹೊತ್ತವರು ಹಳಕಟ್ಟಿಯವರು. ತಮ್ಮ ಮನೆಯನ್ನೇ ಅದಕ್ಕಾಗಿ ಕಳೆದುಕೊಂಡರು.

ಇಷ್ಟಾದರೂ ಬೀದಿಗೆ ಬಂದ ಅಕ್ಷರವು ಅಕ್ಷರವಿಲ್ಲದವನನ್ನು ಮುಟ್ಟಲಾರದು. ಅವನನ್ನು ಮುಟ್ಟಬಲ್ಲ ಸಾಧನವಾಗಿ ರೇಡಿಯೊ ಬಂದಿತು. ಧಾರವಾಡದ ಆಕಾಶವಾಣಿ 1950ರಲ್ಲಿ ಆರಂಭವಾಯಿತು. 1956ರಲ್ಲಿ ಪುಣೆಯ ಕೇಂದ್ರದಿಂದ, ಯುನೆಸ್ಕೋದ ನೆರವಿನಿಂದ, ಒಂದು ದೊಡ್ಡ ಪ್ರಯೋಗ ನಡೆಯಿತು. ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ಕೂಟಗಳನ್ನು ಮಾಡಿ, ಕೃಷಿಭಾಷಣಗಳನ್ನು ಒಟ್ಟಿಗೆ ಕೂತು ಕೇಳಿ, ಕೇಳಿದುದನ್ನು ಚರ್ಚಿಸಿ, ಸಂದೇಹಗಳನ್ನು ಕೇಂದ್ರಕ್ಕೆ ಬರೆದು ಕಳಿಸುವ ಏರ್ಪಾಡು. ಪರಿಣಾಮವನ್ನು ಅಳೆದಾಗ ತಿಳಿದುದು ಇದು: ಬರಿಯ ರೇಡಿಯೊ ಇದ್ದ ಹಳ್ಳಿಗಳಿಗಿಂತ, ರೇಡಿಯೊ ಸುತ್ತ ಕೂಟವೂ ಇದ್ದ ಹಳ್ಳಿಗಳವರು ಬಹಳ ಹೆಚ್ಚು ಕಲಿತಿದ್ದರು. ಪಾಠ ಒಂದೇ, ದನಿ ಒಂದೇ; ವ್ಯತ್ಯಾಸ ಮಾಡಿದ್ದು ಜೊತೆ. ಈ ಮಾತನ್ನು ಮುಂದೆ ಬೇಕಾಗುವುದೆಂದು ನೆನಪಿನಲ್ಲಿಡಿರಿ.

1990ರ ದಶಕದ ಮೊದಲಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ವಿಜಾಪುರ ಜಿಲ್ಲೆಗೂ ಬಂದಿತು. ಆಗ ಬಾಗಲಕೋಟೆಯೂ ಇದೇ ಜಿಲ್ಲೆಯಲ್ಲಿತ್ತು. ಸಂಬಳವಿಲ್ಲದ ಸ್ವಯಂಸೇವಕರು ಕಟ್ಟೆಯ ಮೇಲೆ, ಗುಡಿಯ ಪಡಸಾಲೆಯಲ್ಲಿ, ಯಾರದೋ ಮನೆಯಂಗಳದಲ್ಲಿ ದೊಡ್ಡವರಿಗೆ ಅಕ್ಷರ ಕಲಿಸಿದರು. ಸಾಲೊಟಗಿಯ ದೀಪ ಅಂದು ಒಕ್ಕಲಿಗನ ಮುಂದೆಯೂ ಅವನ ಹೆಂಡತಿಯ ಮುಂದೆಯೂ ಬಂದು ಕೂತಿತು. ಕೆಲಸ ಪೂರ್ಣವಾಗಲಿಲ್ಲವೆಂಬುದೂ ನಿಜ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 67ರಷ್ಟು. ಹೆಂಗಸರಲ್ಲಿ ಶೇಕಡ 57ರಷ್ಟು ಮಾತ್ರ.

ಇನ್ನು ಇಂದಿನ ಪಾಠಗಳು. 2001ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯು ತನ್ನ ಪಾಠಸಾಮಗ್ರಿಯನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಡುವೆನೆಂದು ಸಾರಿತು. ನಮ್ಮ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ಎನ್‌ಪಿಟೆಲ್ ಎಂಬ ಯೋಜನೆಯನ್ನು ತೊಡಗಿದುವು. 2017ರ ಜುಲೈ 9ರಂದು ಭಾರತ ಸರ್ಕಾರದ 'ಸ್ವಯಂ' ಉದ್ಘಾಟನೆಯಾಯಿತು. ಹುಡುಕುವವನು ಮೊದಲು ಹೋಗತಕ್ಕದ್ದು ಇಲ್ಲಿಗೆ. ಶಾಲಾ ಮಟ್ಟದಿಂದ ಸ್ನಾತಕೋತ್ತರದವರೆಗೆ ಪಾಠಗಳುಂಟು, ವಯಸ್ಸಿನ ಕಟ್ಟಿಲ್ಲ, ಕೇಳಲು, ಓದಲು, ವಾರದ ಅಭ್ಯಾಸ ಮಾಡಲು ಹಣವಿಲ್ಲ. ಪ್ರಮಾಣಪತ್ರ ಬೇಕಾದವನು ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಿ, ಗೊತ್ತಾದ ಕೇಂದ್ರಕ್ಕೆ ಹೋಗಿ ಬರೆಯಬೇಕು.

ಮನೆಯಲ್ಲಿ ಅಂತರ್ಜಾಲವಿಲ್ಲದವರಿಗೆ 'ಸ್ವಯಂ ಪ್ರಭಾ' ಎಂಬ ದೂರದರ್ಶನ ವಾಹಿನಿಗಳುಂಟು. ದಿನಕ್ಕೆ ನಾಲ್ಕು ಗಂಟೆಯಾದರೂ ಹೊಸ ಪಾಠವಿದ್ದು, ಅದೇ ಪಾಠ ದಿನದಲ್ಲಿ ಮತ್ತೆ ಐದು ಸಲ ಬರುವಂತೆ ಇದನ್ನು ಯೋಜಿಸಿದರು. ಹೊಲದಿಂದ ತಡವಾಗಿ ಬರುವವನಿಗೂ ಪಾಠ ತಪ್ಪಬಾರದೆಂಬ ಎಣಿಕೆ ಒಳ್ಳೆಯದು.

ನನ್ನ ವಿದ್ಯಾರ್ಥಿಗೆ ಬೇಕಾದುದು ಕಂಪ್ಯೂಟರಿನ ಲೆಕ್ಕ. ಅದಕ್ಕೆ ಮುಂಬಯಿಯ ಐ.ಐ.ಟಿ. ನಡೆಸಿದ 'ಸ್ಪೋಕನ್ ಟ್ಯುಟೋರಿಯಲ್' ಹೆಚ್ಚು ತಕ್ಕುದು. ಒಂದೊಂದು ಪಾಠ ಸುಮಾರು ಹತ್ತು ನಿಮಿಷದ್ದು. ಹಲವನ್ನು ಕನ್ನಡದಲ್ಲಿಯೇ ಕೇಳಬಹುದು. ನೋಡುತ್ತ ನೋಡುತ್ತ ಪಕ್ಕದಲ್ಲಿ ತಾನೂ ಮಾಡುತ್ತ ಹೋಗುವ ಕ್ರಮ. ಅಕ್ಷರವನ್ನೇ ಕಲಿಯಬೇಕಾದ ಹದಿನೈದು ವರ್ಷ ಮೀರಿದವರಿಗೆ 'ಉಲ್ಲಾಸ್' ಎಂಬ ಕಾರ್ಯಕ್ರಮವುಂಟು. ಓದುವ ರುಚಿಯುಳ್ಳವರಿಗೆ ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವಿದೆ. ಹಳಕಟ್ಟಿಯವರು ಓಲೆಗರಿಯಲ್ಲಿ ಹುಡುಕಿದ ವಚನಗಳನ್ನು 'ವಚನ ಸಂಚಯ'ವೆಂಬ ಜಾಲತಾಣದಲ್ಲಿ ಯಾರೂ ಒಂದೊಂದು ಪದವಾಗಿ ಹುಡುಕಿ ಓದಬಹುದು.

ಭಾಷೆಯ ಕೊರತೆಯನ್ನು ಮಾತ್ರ ಹೇಳಲೇಬೇಕು. ಸ್ವಯಂನ ಪಾಠಗಳಲ್ಲಿ ಬಹುಪಾಲು ಇಂಗ್ಲಿಷಿನವು. ಎನ್‌ಪಿಟೆಲ್‌ನ ಕೆಲವು ಪಾಠಗಳ ಬರಹರೂಪಕ್ಕೆ ಕನ್ನಡ ಅನುವಾದ ಬಂದಿದೆ. ಅಷ್ಟರಿಂದ ತೃಪ್ತಿಪಡುವ ಹಾಗಿಲ್ಲ. ಅಂದು ಬಾಗಿಲನ್ನು ಕುಲ ಕಾಯುತ್ತಿತ್ತು. ಇಂದು ಭಾಷೆ ಕಾಯಬಾರದು. ಕನ್ನಡದಲ್ಲಿ ಪಾಠ ಹೇಳಬಲ್ಲ ಅಧ್ಯಾಪಕರು ನಮ್ಮಲ್ಲಿ ಕಡಿಮೆಯಿಲ್ಲ. ಅವರು ಈ ಕೆಲಸಕ್ಕೆ ಕೈಹಾಕಬೇಕು.

ಪುಕ್ಕಟೆಯೆಂಬ ಹೆಸರಿನಲ್ಲಿ ಮೋಸವೂ ಉಂಟು. ಆದುದರಿಂದ ಹೆಸರು ಬರೆಸುವ ಮೊದಲು ಮೂರು ಮಾತು ವಿಚಾರಿಸಿರಿ. ಪಾಠ ಹೇಳುವವರು ಯಾರು, ಯಾವ ಸಂಸ್ಥೆಯವರು? ಹಣ ಕೇಳುವುದಾದರೆ ಯಾವುದಕ್ಕೆ, ಎಷ್ಟು, ಯಾವಾಗ? ಕೊಡುವ ಪ್ರಮಾಣಪತ್ರವನ್ನು ಮನ್ನಿಸುವವರು ಯಾರು? ಈ ಮೂರಕ್ಕೂ ನೇರ ಉತ್ತರ ದೊರೆಯದಿದ್ದರೆ ಅಲ್ಲಿಂದ ಎದ್ದು ಬರುವುದು ಲೇಸು. ವಿದ್ಯೆ ಕೊಡುವವನು ಮೊದಲಿಗೇ ಬ್ಯಾಂಕಿನ ಗುಟ್ಟನ್ನು ಕೇಳುವುದಿಲ್ಲ.

ಒಳ್ಳೆಯ ಪಾಠ ಸಿಕ್ಕಿತೆನ್ನಿ. ಅಲ್ಲಿಗೆ ಮುಗಿಯಿತೆ? ಹಾರ್ವರ್ಡ್ ಮತ್ತು ಎಂ.ಐ.ಟಿ.ಗಳ ಆನ್‌ಲೈನ್ ಪಾಠಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, 2017–18ರಲ್ಲಿ ಹೆಸರು ಬರೆಸಿದವರ ಪೈಕಿ ಕೊನೆಯವರೆಗೆ ಹೋದವರು ಶೇಕಡ 3.13 ಮಾತ್ರ. ನೂರು ಮಂದಿಯಲ್ಲಿ ಮೂವರು! ಸುಮ್ಮನೆ ಇಣಿಕಿ ನೋಡಲು ಬಂದವರೂ ಇದರಲ್ಲಿರಬಹುದು. ಆದರೂ ಇಷ್ಟೊಂದು ಮಂದಿ ದಾರಿಯಲ್ಲಿ ನಿಂತುದನ್ನು ಬರಿಯ ಸೋಮಾರಿತನವೆನ್ನಲಾಗದು.

ಇಲ್ಲಿ ಸಾಲೊಟಗಿಯ ಕಂಬದ ಕಡೆಗೆ ಮತ್ತೆ ತಿರುಗಿ ನೋಡಿರಿ. ಇಂದು ಪಾಠ ಪುಕ್ಕಟೆಯಾಗಿದೆ, 27 ನಿವೇಶನಗಳೆಲ್ಲಿ? ಒಂದೇ ಕೋಣೆಯ ಮನೆಯಲ್ಲಿ ಮಕ್ಕಳು ಮಲಗಿದ ಮೇಲೆ ಓದಬೇಕಾದ ಹೆಣ್ಣುಮಗಳಿಗೆ ಕೂಡುವ ಜಾಗವೆಲ್ಲಿ? ದೀಪಕ್ಕೆ ಬಿಟ್ಟ 12 ನಿವರ್ತನವೆಲ್ಲಿ? ಇಂದಿನ ಎಣ್ಣೆ ಮೊಬೈಲಿನ ಡೇಟಾ. ಮನೆಗೆ ಇರುವ ಒಂದು ಮೊಬೈಲು ಗಂಡನ ಕಿಸೆಯಲ್ಲಿದ್ದರೆ ಹೆಂಡತಿಯ ಪಾಠ ಪುಕ್ಕಟೆಯಾಗಿಯೂ ದೊರೆಯದು. ಸಂದೇಹ ಬಂದರೆ ಕೇಳಲು ಗುರುವೆಲ್ಲಿ? ಹುಡುಕಿ ಕೊಡಲು ಸರಸ್ವತೀ ಭಂಡಾರಿಗನೆಲ್ಲಿ? ನಮ್ಮ ಕಾಲ ಪಾಠವನ್ನು ದಾನ ಮಾಡಿತು, ಉಳಿದುದನ್ನು ಮರೆಯಿತು.

ಮರೆತುದನ್ನು ಕೂಡಿಸುವುದಕ್ಕೆ ಚಕ್ರವರ್ತಿಯ ಮಂತ್ರಿ ಬೇಕಾಗಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಗ್ರಂಥಾಲಯಗಳಿವೆ; ಹಲವೆಡೆ ಕಂಪ್ಯೂಟರುಗಳೂ ಬಂದಿವೆ. ತಿಕೋಟಾದಲ್ಲಿಯೋ ಬಬಲೇಶ್ವರದಲ್ಲಿಯೋ ಐದಾರು ಜನ ದೊಡ್ಡವರು ಒಂದೇ ಪಾಠವನ್ನು ಆರಿಸಿಕೊಂಡು, ವಾರಕ್ಕೆ ಎರಡು ಸಂಜೆ ಅಲ್ಲಿ ಕೂಡಿ ಕೇಳಲಿ. ಊರಿನ ಮಾಸ್ತರರೊಬ್ಬರು ಅಥವಾ ಕಾಲೇಜು ಕಲಿತ ಹುಡುಗಿಯೊಬ್ಬಳು ಜೊತೆಗೆ ಕೂತು ಇಂಗ್ಲಿಷ್ ಮಾತನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಲಿ. ಹೆಂಗಸರ ಕೂಟಕ್ಕೆ ಅವರಿಗೆ ಅನುಕೂಲವಾದ ಮಧ್ಯಾಹ್ನದ ಹೊತ್ತು ಇರಲಿ. 1956ರ ರೇಡಿಯೊ ಕೂಟಗಳು ತೋರಿಸಿಕೊಟ್ಟುದು ಇದನ್ನೇ. ಮದುವೆಯ ಮನೆಯಲ್ಲಿ ಶಾಲೆಗೆ ಕಾಣಿಕೆ ತೆಗೆದಿಡುವ ಸಾಲೊಟಗಿಯವರ ಕಟ್ಟನ್ನು ಯಾವುದಾದರೊಂದು ಊರು ಮತ್ತೆ ಹಿಡಿದರೆ ಡೇಟಾದ ಖರ್ಚೂ ಹೊರೆಯಾಗದು.

ಬಸ್ ನಿಲ್ದಾಣದಲ್ಲಿ ನಾನು ಹೇಳದೆ ಉಳಿದ ಉತ್ತರ ಇಷ್ಟೇ. ತಮ್ಮಾ, ಪಾಠ ಖರೇನ ಪುಕ್ಕಟೆ ಐತಿ. ಹುಡುಕುವುದೂ ಕಷ್ಟವಲ್ಲ. ಆದರೆ ಒಬ್ಬನೇ ಕೂಡಬೇಡ; ನಿನ್ನ ಹಾಗೆಯೇ ಕಲಿಯಬೇಕೆನ್ನುವ ನಾಲ್ವರನ್ನು ಮೊದಲು ಹುಡುಕು. ಒಂದು ಸಂಜೆ ನಾನೂ ಬಬಲೇಶ್ವರಕ್ಕೆ ಬಂದು ನಿಮ್ಮೊಡನೆ ಕೂಡುವೆನು.