ಜೊತೆಗೂಡಿ ಬರೆಯುವುದು: 1936ರ ನಾಗಪುರ ಕಲಿಸಿದ ಪಾಠ

ಬರವಣಿಗೆ ಅಂದ್ರೆ ಒಂಟಿ ಕೆಲಸ ಅಂತ ನಾವೆಲ್ಲ ನಂಬಿದ್ದೇವೆ. ಬಾಗಿಲು ಹಾಕಿಕೊಂಡು ಬರೆದರೆ ಮಾತ್ರ ಅದು ಸ್ವಂತದ್ದು, ಇನ್ನೊಬ್ಬರು ಕೈ ಹಾಕಿದರೆ ನಮ್ಮತನ ಹೋಯಿತು ಅನ್ನೋ ಭಯ ನಮಗಿದೆ. ಈ ಭಯ ಎಷ್ಟು ನಿಜ? 1936ರ ನಾಗಪುರಕ್ಕೆ ಒಮ್ಮೆ ಹೋಗಿ ಬರೋಣ.

ಆಗ ನಾಗಪುರ ಮಧ್ಯಪ್ರಾಂತ ಮತ್ತು ಬೇರಾರ್‌ನ ರಾಜಧಾನಿ. ಮರಾಠಿ, ಹಿಂದಿ ಎರಡೂ ಕಿವಿಗೆ ಬೀಳುತ್ತಿದ್ದ ಊರು. ಆ ವರ್ಷದ ಏಪ್ರಿಲ್‌ನಲ್ಲಿ ಭಾರತೀಯ ಸಾಹಿತ್ಯ ಪರಿಷತ್ತು ಅಲ್ಲಿ ಸೇರಿತು. ಅಧ್ಯಕ್ಷರು ಗಾಂಧೀಜಿ. ಗುಜರಾತಿ ಲೇಖಕ ಕೆ.ಎಂ. ಮುನ್ಶಿ, ಪ್ರೇಮಚಂದ್, ಉರ್ದು ವಿದ್ವಾಂಸ ಮೌಲವಿ ಅಬ್ದುಲ್ ಹಕ್ ಮೊದಲಾದವರು ಅಲ್ಲಿದ್ದರು. ಒಂದು ಭಾಷೆಯ ಬರಹ ಇನ್ನೊಂದು ಭಾಷೆಯವರನ್ನು ತಲುಪಬೇಕು ಅನ್ನೋದು ಪರಿಷತ್ತಿನ ಆಸೆ. ಪ್ರೇಮಚಂದ್ ತಾವೇ ಕಟ್ಟಿದ 'ಹಂಸ' ಪತ್ರಿಕೆಯನ್ನು ಹಿಂದಿನ ವರ್ಷವೇ ಈ ಕೆಲಸಕ್ಕೆ ಒಪ್ಪಿಸಿ, ಮುನ್ಶಿಯವರ ಜೊತೆ ಅದರ ಸಂಪಾದಕರಾಗಿದ್ದರು.

ತಾವೇ ಸಾಕಿದ ಪತ್ರಿಕೆಯನ್ನು ಹೀಗೆ ಹಂಚಿಕೊಳ್ಳಲು ಅವರಿಗೆ ಮನಸ್ಸಾದರೂ ಹೇಗೆ ಬಂತು? ಅವರ ಬದುಕನ್ನೇ ನೋಡಿ. ಹೆತ್ತವರು ಇಟ್ಟ ಹೆಸರು ಧನಪತ್ ರಾಯ್. ಉರ್ದುವಿನಲ್ಲಿ ಬರೆದದ್ದು 'ನವಾಬ್ ರಾಯ್' ಅನ್ನೋ ಹೆಸರಲ್ಲಿ. 1908ರಲ್ಲಿ ಬಂದ 'ಸೋಜ್-ಎ-ವತನ್' ಕಥಾಸಂಕಲನದ ಮೇಲೆ ಬ್ರಿಟಿಷ್ ಸರ್ಕಾರದ ಕಣ್ಣು ಬಿದ್ದು, ಆ ಹೆಸರಲ್ಲಿ ಬರೆಯೋದೇ ಕಷ್ಟವಾಯಿತು. ಆಗ 'ಪ್ರೇಮಚಂದ್' ಎಂಬ ಹೆಸರನ್ನು ಸೂಚಿಸಿದವರು ಕಾನ್ಪುರದ ಉರ್ದು ಪತ್ರಿಕೆ 'ಜಮಾನಾ'ದ ಸಂಪಾದಕ ದಯಾನಾರಾಯಣ ನಿಗಮ್. ಅಂದ್ರೆ ಇಡೀ ದೇಶಕ್ಕೆ ಗೊತ್ತಿರುವ ಆ ಹೆಸರೂ ಒಬ್ಬ ಗೆಳೆಯನ ಕೊಡುಗೆ! ಅವರು ಉರ್ದುವಿನಲ್ಲಿ ಬರೆದ 'ಬಾಜಾರ್-ಎ-ಹುಸ್ನ್' ಕಾದಂಬರಿ ಮೊದಲು ಅಚ್ಚಾದದ್ದು ಹಿಂದಿಯಲ್ಲಿ, 'ಸೇವಾಸದನ' ಆಗಿ. ಎರಡು ಭಾಷೆಯ ಗೆಳೆಯರು ಒಬ್ಬ ಲೇಖಕನನ್ನು ಬೆಳೆಸಿದರು. ಅದರಿಂದ ಅವರ ಸ್ವಂತಿಕೆ ಕಮ್ಮಿಯಾಯಿತೇ? ಇಲ್ಲ, ಓದುಗರು ಎರಡು ಪಟ್ಟಾದರು.

ಆದರೆ ನಾಗಪುರದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಪರಿಷತ್ತಿನ ವ್ಯವಹಾರದ ಭಾಷೆಯನ್ನು ಏನೆಂದು ಕರೆಯಬೇಕು ಅನ್ನೋ ಪ್ರಶ್ನೆ ಬಂತು. 'ಹಿಂದೂಸ್ತಾನಿ' ಅಂದರೆ ಸಾಕು ಎಂದರು ಅಬ್ದುಲ್ ಹಕ್. ಗಾಂಧೀಜಿ 'ಹಿಂದಿ-ಹಿಂದೂಸ್ತಾನಿ' ಎಂಬ ಮಾತಿಗೆ ಅಂಟಿಕೊಂಡರು. ಮೌಲವಿಯವರು ಬೇಸರದಿಂದಲೇ ಮರಳಿದರು. ಕೇಳೋಕೆ ಒಂದು ಪದದ ಜಗಳ. ಆದರೆ ಅದರೊಳಗೆ ಇದ್ದದ್ದು "ಈ ಮನೆಯಲ್ಲಿ ನನ್ನ ಭಾಷೆಗೆ ಜಾಗ ಇದೆಯೇ?" ಅನ್ನೋ ಸಂಕಟ. ಅದೇ ವರ್ಷ ಅಕ್ಟೋಬರ್ 8ರಂದು ಪ್ರೇಮಚಂದ್ ತೀರಿಕೊಂಡರು. ಎರಡೂ ಕಡೆಯ ಭಾಷೆ ಬಲ್ಲ ಒಂದು ಕೊಂಡಿ ಕಳಚಿತು.

ನಾಗಪುರದ ಪಾಠ ಇಷ್ಟೇ: ಒಟ್ಟಿಗೆ ಕೂತರೆ ಸಾಲದು, ಕೂತವರೆಲ್ಲರ ಮಾತಿಗೂ ಹೆಸರಿಗೂ ಸಮಾನ ಮರ್ಯಾದೆ ಬೇಕು.

ಆ ಮರ್ಯಾದೆ ಸಿಕ್ಕಿದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ನಮ್ಮ ಕನ್ನಡದಲ್ಲೇ ಇದೆ. ಹಾಸನದ ಬಾನು ಮುಷ್ತಾಕ್ 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ 12ನ್ನು ಕೊಡಗಿನ ದೀಪಾ ಭಾಸ್ತಿ ಆಯ್ದು ಇಂಗ್ಲಿಷಿಗೆ ತಂದರು. 'ಹಾರ್ಟ್ ಲ್ಯಾಂಪ್' ಎಂಬ ಆ ಪುಸ್ತಕಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬಹುಮಾನದ 50,000 ಪೌಂಡ್ ಲೇಖಕಿಗೂ ಅನುವಾದಕಿಗೂ ಸಮಪಾಲು. ಇನ್ನೂ ಒಂದು ವಿಷಯ ಗಮನಿಸಿ. ಕಥೆಗಳಲ್ಲಿದ್ದ ಕನ್ನಡ, ಉರ್ದು, ಅರಬಿ ಪದಗಳಲ್ಲಿ ಎಷ್ಟೋ ಪದಗಳನ್ನು ದೀಪಾ ಹಾಗೇ ಉಳಿಸಿದರು. ಪರಕೀಯ ಪದ ಅಂತ ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸಲೂ ಇಲ್ಲ. ನಾಗಪುರದಲ್ಲಿ ಒಂದು ಪದ ಜನರನ್ನು ದೂರ ಮಾಡಿತು. ಇಲ್ಲಿ ಪದಗಳು ಇದ್ದಂತೆಯೇ ದೇಶ ದಾಟಿದವು.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಎಷ್ಟೋ ಮಂದಿಗೆ ಮನೆಯಲ್ಲಿ ಉರ್ದು, ಬ್ಯಾರಿ ಅಥವಾ ನವಾಯತಿ, ಶಾಲೆಯಲ್ಲಿ ಕನ್ನಡ. ಇದನ್ನು ಕೊರತೆ ಅಂದ್ಕೋಬೇಡಿ. ನೀವು ಬರೆದದ್ದನ್ನು ಬೇರೆ ಮನೆಮಾತಿನ ಒಬ್ಬ ಗೆಳೆಯನಿಗೋ ಗೆಳತಿಗೋ ಓದಿ ಹೇಳಿ. ಎಲ್ಲಿ ಅರ್ಥವಾಗಲಿಲ್ಲ ಅಂತ ಕೇಳಿ. ಅವರದ್ದನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿಸಿಕೊಳ್ಳಿ. ಅವರ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲಿ ಬರೆಯೋಕೆ ಹಿಂಜರಿಯಬೇಡಿ.