ಚಿಗರಿ ಉಳೀತು, ಎರೆಭೂತ ಎಲ್ಲಿ ಹೋಯ್ತು?

ಎರಡು ದಿನ ರಜೆ ಸಿಕ್ಕರೆ ಸಾಕು, ನಮ್ಮ ಜನ ಮುರ್ಡೇಶ್ವರದ ದಾರಿ ಹಿಡೀತಾರೆ. ಅಲ್ಲಿಂದ ಬೋಟ್ ಹತ್ತಿದ್ರೆ ನೇತ್ರಾಣಿ ದ್ವೀಪ. ಸ್ಕೂಬಾ ಡೈವಿಂಗ್, ಹವಳ, ಬಣ್ಣದ ಮೀನು, ಮೊಬೈಲ್ ತುಂಬ ಫೋಟೋ. ತಪ್ಪೇನಿಲ್ಲ, ಹೋಗಿ ಬನ್ನಿ. ಆದರೆ ವೀಕ್ಷಕರೇ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಾಗ ರಾಣೆಬೆನ್ನೂರು ದಾಟ್ತೀರಲ್ಲ, ಅಲ್ಲೂ ಒಂದು ದ್ವೀಪ ಇದೆ. ಸುತ್ತ ಸಮುದ್ರ ಇಲ್ಲ, ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಹೊಲ. ನಡುವೆ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ.

ಕೃಷ್ಣಮೃಗ ಅನ್ನೋದು ಪುಸ್ತಕದ ಹೆಸರು. ಊರ ಜನ ಕರೆಯೋದು ಚಿಗರಿ ಅಂತ. ಹಿಂದೆ ಈ ಬಯಲು ಸೀಮೆಯಲ್ಲಿ ಚಿಗರಿಗೇನೂ ಬರ ಇರಲಿಲ್ಲ. ರಾಜ ಮಹಾರಾಜರು ಚೀತಾ ಸಾಕಿ, ಅದನ್ನು ಬಿಟ್ಟು ಚಿಗರಿ ಬೇಟೆ ಆಡಿಸ್ತಿದ್ದರು. ಆ ಚೀತಾಕ್ಕೆ ಕನ್ನಡದಲ್ಲಿ ಸಿವಂಗಿ ಅಂತ ಸೊಗಸಾದ ಹೆಸರಿದೆ. ಹೆಸರು ಉಳೀತು, ಪ್ರಾಣಿ ಉಳೀಲಿಲ್ಲ. 1952ರಲ್ಲಿ ಭಾರತದಲ್ಲಿ ಚೀತಾ ನಿರ್ನಾಮ ಆಯ್ತು ಅಂತ ಸರ್ಕಾರವೇ ಹೇಳಿತು. ಬಂದೂಕು, ಜೀಪು ಬಂದ ಮೇಲೆ ಚಿಗರಿಯೂ ಅದೇ ದಾರಿಯಲ್ಲಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ರಾಣೆಬೆನ್ನೂರಿನ ಸುಮಾರು 119 ಚದರ ಕಿಲೋಮೀಟರ್ ಜಾಗ ಅಭಯಾರಣ್ಯ ಆಯ್ತು. ಹಾವೇರಿ ಆಗಿನ್ನೂ ಜಿಲ್ಲೆ ಆಗಿರಲಿಲ್ಲ, ಇದೆಲ್ಲ ಧಾರವಾಡ ಜಿಲ್ಲೆ. ಬೇಟೆ ನಿಂತಿತು. ಹತ್ತಾಗಿ, ನೂರಾಗಿ, ಚಿಗರಿ ಸಾವಿರಗಟ್ಟಲೆ ಆಯ್ತು. ಇದು ಗೆದ್ದ ಕತೆ, ಒಪ್ಪಿಕೊಳ್ಳೋಣ.

ಆದರೆ ಅರ್ಧ ಕತೆ ಹೇಳಿ ಎದ್ದು ಹೋಗೋಕೆ ಆಗಲ್ಲ.

ಅದೇ ನೆಲದಲ್ಲಿ ಇನ್ನೊಬ್ಬ ನಿವಾಸಿ ಇದ್ದ. ಎರೆಭೂತ. ಸುಮಾರು ಒಂದು ಮೀಟರ್ ಎತ್ತರ, ಗಂಡಾದರೆ ಹದಿನೈದು ಕಿಲೋವರೆಗೂ ತೂಗುವ ಹಕ್ಕಿ. ರಾಷ್ಟ್ರಪಕ್ಷಿ ಆಗಬೇಕು ಅಂತ ಪಕ್ಷಿತಜ್ಞ ಸಲೀಂ ಅಲಿ ವಾದಿಸಿದ್ದು ಇದರ ಪರವಾಗಿ. 1963ರಲ್ಲಿ ಪಟ್ಟ ಸಿಕ್ಕಿದ್ದು ನವಿಲಿಗೆ. ಎರೆಭೂತ ಗೂಡು ಕಟ್ಟಲ್ಲ, ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತೆ. ಸುತ್ತ ನಾಲ್ಕು ದಿಕ್ಕು ಕಣ್ಣಿಗೆ ಬೀಳಬೇಕು. ಅದಕ್ಕೆ ಬೇಕಿದ್ದು ಮರ ಅಲ್ಲ, ಹುಲ್ಲು.

ನಾವು ಕೊಟ್ಟಿದ್ದೇನು? ನೀಲಗಿರಿ!

ಅಭಯಾರಣ್ಯ ಆಗೋಕೂ ಮೊದಲೇ ಈ ನೆಲದಲ್ಲಿ ನೀಲಗಿರಿ ನೆಡೋದು ಶುರುವಾಗಿತ್ತು. ಹುಲ್ಲುಗಾವಲು ನೋಡಿದರೆ ನಮ್ಮ ಕಣ್ಣಿಗೆ ಕಾಣೋದು ಬರೀ ಬೀಳು, ಬಂಜರು, ಪಾಳುಭೂಮಿ. ಗೋಮಾಳ, ಗಾಯರಾಣ ಅಂದ್ರೆ ಯಾರೂ ಕೇಳೋರಿಲ್ಲದ ಜಾಗ. ಮರ ನೆಟ್ಟರೆ ಕಾಡು, ಹುಲ್ಲು ಬಿಟ್ಟರೆ ವೇಸ್ಟ್! ಈ ಲೆಕ್ಕ ಬ್ರಿಟಿಷರ ಕಾಲದ್ದು, ನಮ್ಮ ಕಾಲಕ್ಕೂ ಬದಲಾಗಲಿಲ್ಲ. ಗಿಡ ಚಿಕ್ಕದಿದ್ದಾಗ ಎರೆಭೂತ ಹೇಗೋ ಹೊಂದಿಕೊಂಡಿತು. 1980ರ ದಶಕದಲ್ಲೂ ಪಕ್ಷಿಪ್ರಿಯರು ಅದನ್ನು ಹುಡುಕಿಕೊಂಡು ರಾಣೆಬೆನ್ನೂರಿಗೆ ಬರ್ತಿದ್ದರು. ಮರ ಎತ್ತರ ಆಯ್ತು, ಬಯಲು ಮುಚ್ಚಿತು, ಹಕ್ಕಿ ಕಾಣೆಯಾಯ್ತು. ಇಡೀ ಜಗತ್ತಲ್ಲಿ ಈಗ ಉಳಿದಿರೋದು ಇನ್ನೂರಕ್ಕೂ ಕಡಿಮೆ ಅನ್ನೋ ಅಂದಾಜಿದೆ. ಕರ್ನಾಟಕದಲ್ಲಿ ಎರೆಭೂತ ನೋಡಬೇಕು ಅಂದ್ರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ ಹೋಗಬೇಕು, ಅಲ್ಲೂ ಬೆರಳೆಣಿಕೆಯಷ್ಟು.

ಯಾರೂ ಬಂದೂಕು ಹಿಡಿದು ಎರೆಭೂತವನ್ನು ಇಲ್ಲಿಂದ ಓಡಿಸಲಿಲ್ಲ. ಹಸಿರು ಮಾಡ್ತೀವಿ ಅಂತ ಹೊರಟು ಓಡಿಸಿಬಿಟ್ಟೆವು.

ಚಿಗರಿಯ ಕತೆಯೂ ಅಷ್ಟು ಸಲೀಸಿಲ್ಲ. ಹಗಲು ನೀಲಗಿರಿ ನೆರಳಲ್ಲಿ ಮಲಗುತ್ತೆ. ಮರದ ಕೆಳಗೆ ಸಾಕಷ್ಟು ಮೇವಿಲ್ಲ. ಕತ್ತಲಾದರೆ ಹೊಲಕ್ಕೆ ಇಳಿಯುತ್ತೆ. ಆಗ ತಾನೇ ಮೊಳಕೆ ಒಡೆದ ಬೆಳೆ, ಬೆಳಗಾಗೋದರೊಳಗೆ ಖಾಲಿ! ಸಾಲ ಮಾಡಿ ಬಿತ್ತಿದ ರೈತನಿಗೆ ಸಂರಕ್ಷಣೆ ಬಗ್ಗೆ ಭಾಷಣ ಮಾಡೋಕೆ ನನಗಂತೂ ಬಾಯಿ ಬರಲ್ಲ. ಒಳಗೆ ಹುಲ್ಲು ಇದ್ದಿದ್ದರೆ ಅದು ಹೊರಗೆ ಬರೋದು ಅಷ್ಟಾದರೂ ಕಡಿಮೆ ಆಗ್ತಿರಲಿಲ್ವಾ?

ಈಗ ಎಲ್ಲರ ಬಾಯಲ್ಲೂ ಪರಿಸರ ಪ್ರವಾಸೋದ್ಯಮ. ಬರಲಿ. ಬ್ಯಾಡಗಿಗೆ ಮೆಣಸಿನಕಾಯಿ ಮಾರುಕಟ್ಟೆ ನೋಡೋಕೆ ಬಂದವರು ಒಂದು ಬೆಳಗ್ಗೆ ಚಿಗರಿ ನೋಡಿಕೊಂಡು ಹೋಗಲಿ. ಅದು ಜಿಗಿಯೋದು ನೋಡಿದರೆ ನೀವು ಮೊಬೈಲ್ ಮರೀತೀರಿ. ಆದರೆ ಅಭಿವೃದ್ಧಿ ಅಂದ ತಕ್ಷಣ ಕಾರಂಜಿ, ಕಾಂಕ್ರೀಟ್ ಜಿಂಕೆ, ಸೆಲ್ಫಿ ಪಾಯಿಂಟ್ ತಂದು ನಿಲ್ಲಿಸಬೇಡಿ. ನೇತ್ರಾಣಿಗೆ ಹೋದವರು ಹವಳ ಮುಟ್ಟಬಾರದು ಅನ್ನೋದು ಎಷ್ಟು ಸತ್ಯವೋ, ರಾಣೆಬೆನ್ನೂರಿನ ಹುಲ್ಲು ತುಳಿಯಬಾರದು ಅನ್ನೋದೂ ಅಷ್ಟೇ ಸತ್ಯ.

ವನಮಹೋತ್ಸವ ಬಂದಾಗಲೆಲ್ಲ ನಾವು ಕೇಳೋದು ಒಂದೇ ಪ್ರಶ್ನೆ: ಎಷ್ಟು ಗಿಡ ನೆಟ್ಟಿರಿ? ಇನ್ನೊಂದನ್ನೂ ಕೇಳೋಣ.

ಸ್ವಾಮಿ, ಹುಲ್ಲು ಎಷ್ಟು ಉಳಿಸಿದಿರಿ?