ಹೊಡೆಯುತ್ತಾನೆ ಎಂದು ಮೊದಲೇ ಹೇಳಬಹುದೇ?

ತೊಪ್ಪೂರು ಘಾಟಿಯ ಆಸುಪಾಸಿನ ನಮ್ಮ ಕನ್ನಡ ಮನೆಗಳಲ್ಲೂ ಹುಚ್ಚು ಹಿಡಿದವನೆಂದರೆ ಹೊಡೆಯುವವನು ಎಂಬ ಭಯ ಹಳೆಯದು. 2001ರ ಆಗಸ್ಟ್ 6ರಂದು ಇದೇ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದ ರೋಗಿಗಳು ಓಡಲಾರದೆ ಬೆಂದರು. ಸತ್ತವರು 28 ಮಂದಿ. ಅವರಲ್ಲಿ ಅಪಾಯಕಾರಿ ಯಾರೆಂದು ಅಳೆದು ನೋಡಿದವರು ಯಾರು?

ಅಳೆಯುವ ಕಥೆ ಅಮೆರಿಕದಲ್ಲಿ ಶುರುವಾಯಿತು. ಜಾನಿ ಬ್ಯಾಕ್ಸ್‌ಟ್ರಮ್ ಎಂಬ ಕೈದಿಯ ಶಿಕ್ಷೆ ಮುಗಿದಿದ್ದರೂ ಅಪರಾಧಿ ಹುಚ್ಚರ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು. 1966ರಲ್ಲಿ ಸುಪ್ರೀಂ ಕೋರ್ಟು ಅದು ತಪ್ಪೆಂದಿತು. ನ್ಯೂಯಾರ್ಕ್ ರಾಜ್ಯ ಅಂಥ 967 ಮಂದಿಯನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಕಳಿಸಬೇಕಾಯಿತು. ಎಲ್ಲರೂ ಅಪಾಯಕಾರಿಗಳೆಂದು ವೈದ್ಯರೇ ಬರೆದಿದ್ದರು! ನಾಲ್ಕು ವರ್ಷ ಕಳೆದರೂ ಬಿಗಿ ಕಾವಲಿನ ಆಸ್ಪತ್ರೆಗೆ ವಾಪಸು ಕಳಿಸಬೇಕಾದವರು ಶೇಕಡಾ 3ಕ್ಕಿಂತ ಕಡಿಮೆ.

ಬರೀ ಊಹೆ ಸಾಲದೆಂದು 1995ರಲ್ಲಿ ಕೆನಡಾದವರು ಎಚ್‌ಸಿಆರ್-20 ಎಂಬ ಪಟ್ಟಿ ಮಾಡಿದರು. ಹಿಂದಿನ ಬದುಕಿನ ಬಗ್ಗೆ 10 ಅಂಶ, ಈಗಿನ ಸ್ಥಿತಿಗೆ 5, ಮುಂದಿನ ಪರಿಸರಕ್ಕೆ 5. ಅಂಕ ಕೂಡಿಸಿ ಪಾಸು ಫೇಲು ಮಾಡುವಂತಿಲ್ಲ (ಮೇಷ್ಟ್ರುಗಳಾದ ನಮಗೆ ಇದು ಬಹಳ ಹಿಡಿಸಿತು). ಅಪಾಯ ಕಡಿಮೆಯೋ, ಮಧ್ಯಮವೋ, ಹೆಚ್ಚೋ ಎಂದು ವೈದ್ಯರು ಯೋಚಿಸಿ ಹೇಳಬೇಕು, ಸ್ಥಿತಿ ಬದಲಾದಾಗ ಮತ್ತೆ ನೋಡಬೇಕು.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನೇ ನಿಷೇಧಿಸಿದೆ. ತೊಪ್ಪೂರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.